ಟೋಕನ್ ಹಿಡಿದು ಮಾತಿಗೆ ಕಾದದ್ದು

ನಮ್ಮ ಮನೆಯಲ್ಲಿ ಸ್ಕ್ರೂಡ್ರೈವರ್ ಇಡುವುದಕ್ಕೆಂದೇ ಒಂದು ಡ್ರಾ ಇದೆ. ಅದರಲ್ಲಿ ಸ್ಕ್ರೂಡ್ರೈವರ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಬೀಗ ಕಳೆದುಕೊಂಡ ಕೀಲಿಕೈಗಳು, ಯಾವ ಟಿವಿಯದೋ ರಿಮೋಟು, ಹಾಲಿನ ಪ್ಯಾಕೆಟ್ಟಿನಿಂದ ಬಿಚ್ಚಿಟ್ಟ ರಬ್ಬರ್ ಬ್ಯಾಂಡುಗಳ ಗಂಟು. ಹೋದ ಭಾನುವಾರ ಆ ಡ್ರಾವನ್ನು ಪೂರ್ತಿ ಎಳೆದು ನೆಲದ ಮೇಲೆ ಸುರುವಿಕೊಂಡು ಕುಳಿತಿದ್ದೆ. ಹುಡುಕುತ್ತಿದ್ದದ್ದು ಮಾತ್ರ ಸ್ಕ್ರೂಡ್ರೈವರನ್ನಲ್ಲ. ನನ್ನ ಮಗಳು ಲಹರಿ ಬೆಳಿಗ್ಗೆ ಎದ್ದವಳೇ, "ಅಪ್ಪಾ, ಆ ಹಿತ್ತಾಳಿ ಟೋಕನ್ ಎಲ್ಲಿಟ್ಟಿ?" ಎಂದು ಕೇಳಿದ್ದಳು. ಯಾಕೆ ಬೇಕು ಎಂದರೆ, ಮೊದಲು ಹುಡುಕು ಎಂದು ಅಪ್ಪಣೆಯಾಯಿತು. ಹನ್ನೊಂದು ವರ್ಷದ ಮಕ್ಕಳ ತಂದೆಯರಿಗೆ ಇಂಥ ಅಪ್ಪಣೆಗಳ ರುಚಿ ಗೊತ್ತಿರುತ್ತದೆ.

ಸಿಕ್ಕಿತು. ಗುಂಡಗಿನ ಹಿತ್ತಾಳೆ ಬಿಲ್ಲೆ, ಮೇಲೊಂದು ತೂತು, ನಡುವೆ ಇಪ್ಪತ್ತೇಳು ಎಂಬ ಅಂಕಿ. ಅಂಕಿಯ ಅಂಚುಗಳೆಲ್ಲ ಸವೆದಿವೆ. ಕೈಗೆ ಅದರ ತಂಪು ತಾಗಿದ್ದೇ ತಡ, ಎದ್ದು ಹೋಗುವುದನ್ನು ಮರೆತು ಅಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತುಬಿಟ್ಟೆ.

ನೀವು ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕುಳಿತ ಕಾಲದವರೋ ಅಲ್ಲವೋ ನನಗೆ ತಿಳಿಯದು. ಚೀಟಿ ಬರೆದುಕೊಟ್ಟರೆ ಒಳಗಿನವರು ಇಂಥದೊಂದು ಬಿಲ್ಲೆ ಕೊಡುತ್ತಿದ್ದರು. ಅದನ್ನು ಹಿಡಿದು ಬೆಂಚಿನ ಮೇಲೆ ಕೂಡಬೇಕು. ನಿಮ್ಮ ನಂಬರು ಕರೆಯುವತನಕ ಮಿಸುಕುವ ಹಾಗಿಲ್ಲ. ನಾನು ಗದಗಿನವನು. ಬ್ಯಾಂಕಿನ ನೌಕರಿ ನನ್ನನ್ನು ವಿಜಯವಾಡಕ್ಕೆ ತಂದು ಬಿಟ್ಟಾಗ ಟೋಕನ್ನಿನ ಕಾಲ ಮುಗಿದೇ ಹೋಗಿತ್ತು. ಗವರ್ನರ್‌ಪೇಟೆಯ ನಮ್ಮ ಶಾಖೆ ಒಂದು ಮಹಡಿಯಿಂದ ಇನ್ನೊಂದಕ್ಕೆ ಸ್ಥಳಾಂತರವಾಗುವಾಗ ಸ್ಟೋರ್ ರೂಮಿನಲ್ಲಿ ಇವು ಒಂದು ಚೀಲದ ತುಂಬ ಸಿಕ್ಕವು. ನಿವೃತ್ತಿಗೆ ಹತ್ತಿರವಿದ್ದ ಮ್ಯಾನೇಜರು, ನೆನಪಿಗೆ ತಲೆಗೊಂದು ಇಟ್ಟುಕೊಳ್ಳಿ ಎಂದರು. ನನ್ನ ಪಾಲಿಗೆ ಬಂದದ್ದು ಇಪ್ಪತ್ತೇಳು. ಮೇಜಿನ ಮೇಲಿನ ಕಾಗದ ಹಾರದಂತೆ ಇಡುವುದಕ್ಕೆ ಬಳಸುತ್ತಿದ್ದೆ. ಅದರ ನಿಜವಾದ ಉಪಯೋಗ ಗೊತ್ತಾಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಅದೇ ಶಾಖೆಯಲ್ಲಿ ನನಗೆ ಪದ್ಮಜ ಸಿಕ್ಕಿದ್ದು. ಹುಟ್ಟಿ ಬೆಳೆದದ್ದೆಲ್ಲ ವಿಜಯವಾಡವೇ. ನನ್ನ ತೆಲುಗಿನ ತಪ್ಪುಗಳನ್ನು ತಿದ್ದುವ ನೆಪದಲ್ಲಿ ಶುರುವಾದ ಸ್ನೇಹ ಮದುವೆಯಲ್ಲಿ ಮುಗಿಯಿತು. ತಪ್ಪುಗಳು ಮಾತ್ರ ಹಾಗೇ ಉಳಿದವು. ಮಗಳಿಗೆ ಎರಡೂ ಕಡೆಯವರ ನಾಲಿಗೆ ಹೊರಳುವ ಹೆಸರಿರಲಿ ಎಂದು ಲಹರಿ ಎಂದಿಟ್ಟೆವು. ಹೆಸರೇನೋ ಹರಿಯುವಂಥದೇ. ಆದರೆ ಎರಡು ವರ್ಷ ತುಂಬಿದರೂ ಆ ಕೂಸಿನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಅವಳಿಗೆ ಏನೂ ತಿಳಿಯದು ಎಂದಲ್ಲ. ಎಲ್ಲ ತಿಳಿಯುತ್ತಿತ್ತು. ಚಪ್ಪಲಿ ತಾ ಎಂದರೆ ತರುವಳು, ಅಮ್ಮ ಎಲ್ಲಿ ಎಂದರೆ ಅಡುಗೆಮನೆಯ ಕಡೆ ನೋಡುವಳು. ಏನಾದರೂ ಬೇಕಾದರೆ ನನ್ನ ತೋರುಬೆರಳು ಹಿಡಿದು ಎಳೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸುವಳು. ಅಷ್ಟರ ಅಗತ್ಯವೂ ಬಹಳ ಸಲ ಬೀಳುತ್ತಿರಲಿಲ್ಲ. ಅವಳು ಕಣ್ಣು ಹೊರಳಿಸಿದರೆ ಸಾಕು, ನೀರಿನ ಲೋಟ, ಬಿಸ್ಕೀಟು, ಗೊಂಬೆ ಎಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ಗಂಡ ಹೆಂಡತಿ ಇಬ್ಬರೂ ಗಿರಾಕಿಯ ಸೇವೆಯಲ್ಲಿ ಪಳಗಿದವರು ನೋಡಿ. ಬಾಯಿ ತೆರೆದು ಕೇಳುವ ತೊಂದರೆಯನ್ನು ಮಗಳಿಗೆ ನಾವು ಕೊಡಲೇ ಇಲ್ಲ.

ಎರಡು ವರ್ಷದವಳನ್ನು ಒಂದು ಪ್ಲೇಸ್ಕೂಲಿಗೆ ಸೇರಿಸಿದೆವು. ಅಲ್ಲಿಯ ಟೀಚರು ತಿಂಗಳಾದ ಮೇಲೆ ನಮ್ಮನ್ನು ಕರೆಸಿ ಮನೆಯ ಭಾಷೆ ಯಾವುದು ಎಂದು ವಿಚಾರಿಸಿದರು. ಅಮ್ಮ ತೆಲುಗು, ಅಪ್ಪ ಕನ್ನಡ ಎಂದದ್ದೇ ಅವರಿಗೆ ರೋಗದ ಬೇರು ಸಿಕ್ಕಿಬಿಟ್ಟಿತು. ಎರಡು ಭಾಷೆ ಕಿವಿಗೆ ಬಿದ್ದು ಮಗು ಗೊಂದಲಕ್ಕೆ ಸಿಕ್ಕಿದೆ. "ಇಂಟ್ಲೋ ಒಕಟೇ ಭಾಷ ಮಾಟ್ಲಾಡಂಡಿ" ಎಂದರು. ಮನೆಯಲ್ಲಿ ಒಂದೇ ಭಾಷೆ ಇರಲಿ ಎಂದಮೇಲೆ, ವಿಜಯವಾಡದಲ್ಲಿ ಆ ಒಂದು ಯಾವುದು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಹೆದರಿದ ತಂದೆತಾಯಿಗೆ ಯಾರು ಏನು ಹೇಳಿದರೂ ಹೌದು ಅನ್ನಿಸುತ್ತದೆ. ಅಂದಿನಿಂದ ನಾನು ಕನ್ನಡಕ್ಕೆ ಬೀಗ ಹಾಕಿದೆ.

ಈಗ ನನ್ನ ತೆಲುಗಿನ ಯೋಗ್ಯತೆಯನ್ನು ನಿಮಗೆ ಹೇಳಬೇಕು. ಅದು ಕೌಂಟರಿನಲ್ಲಿ ಕಲಿತ ತೆಲುಗು. ಇಲ್ಲಿ ಸಹಿ ಮಾಡಿ, ಸ್ವಲ್ಪ ತಡೆಯಿರಿ, ನಾಳೆ ಬನ್ನಿ, ಇಷ್ಟನ್ನು ಯಾವ ಹೊತ್ತಿನಲ್ಲಿ ಕೇಳಿದರೂ ತಡವರಿಸದೆ ಹೇಳುತ್ತೇನೆ. ಎಲ್ಲದರ ತುದಿಗೂ ಮರ್ಯಾದೆಯ 'ಅಂಡಿ' ಅಂಟಿಕೊಂಡಿರುತ್ತದೆ. ಅದೊಂದನ್ನು ಕಳಚಿಡುವುದು ನನಗೆ ಬಾರದು. ಹೀಗಾಗಿ ಎರಡು ವರ್ಷದ ಮಗಳಿಗೆ ಹಾಲಿನ ಲೋಟ ಹಿಡಿದು "ಪಾಲು ತಾಗಂಡಿ" ಎಂದೆ. ದಯವಿಟ್ಟು ಹಾಲು ಕುಡಿಯಿರಿ ಎಂದ ಹಾಗಾಯಿತು. ಪದ್ಮಜ ಬಾಗಿಲಿಗೆ ಆತುಕೊಂಡು ನಕ್ಕಳು. ನೀವು ಮಗಳ ಹತ್ತಿರ ಮಾತಾಡುತ್ತಿದ್ದೀರೋ ಖಾತೆದಾರರ ಹತ್ತಿರವೋ ಎಂದು ಕೇಳಿದಳು. ನಾನೂ ನಕ್ಕೆ. ಆದರೆ ಕೂಸನ್ನು ಮುದ್ದಿಸುವುದಕ್ಕೆ, ಹುಸಿಕೋಪ ಮಾಡುವುದಕ್ಕೆ, ಹೊಟ್ಟೆಗೆ ಬಾಯಿಟ್ಟು ಬುರ್ರೆನ್ನಿಸಿ ಕೆಣಕುವುದಕ್ಕೆ ಆ ಭಾಷೆಯಲ್ಲಿ ನನ್ನ ಹತ್ತಿರ ಏನೂ ಇರಲಿಲ್ಲ. ವಾರದೊಳಗೆ ನನ್ನ ಮಾತು ಅರ್ಧವಾಯಿತು, ತಿಂಗಳೊಳಗೆ ನಿಂತೇಹೋಯಿತು.

ಒಂದು ಭಾನುವಾರ ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಇಬ್ರಾಹಿಂಪಟ್ನಂ ಕಡೆಗೆ ಹೋಗಿದ್ದೆ. ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡದ್ದೇ ಅವಳು ಕೈಚಾಚಿ ಮುಖ ಮೇಲೆತ್ತಿ ನನ್ನನ್ನು ನೋಡಿದಳು. ಹೊಗೆ ಎಂಬ ಮಾತು ನನ್ನ ಹಲ್ಲಿನ ತನಕ ಬಂತು. ಅದನ್ನು ನುಂಗಿ ತೆಲುಗಿನ ಮಾತಿಗಾಗಿ ತಡಕಾಡಿದೆ. 'ಪೊಗ' ಎಂದು ನೆನಪಾಗುವಷ್ಟರಲ್ಲಿ ಚಿಮಣಿಗಳು ಹಿಂದೆ ಬಿದ್ದಿದ್ದವು, ಅವಳ ಕೈ ಕೆಳಗಿಳಿದಿತ್ತು. ಆ ಇಳಿದ ಪುಟ್ಟ ಕೈ ಇವತ್ತಿಗೂ ನೆನಪಾಗುತ್ತದೆ.

ಆ ದಿನಗಳಲ್ಲೇ ಅವ್ವ ಬಂದಳು. ಗದಗಿನಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅವ್ವನಿಗೆ ಮಾತೆಂದರೆ ಊಟಕ್ಕಿಂತ ಹೆಚ್ಚು. ರೈಲಿನಲ್ಲಿ ಎದುರು ಸೀಟಿನವರ ಮೂರು ತಲೆಮಾರಿನ ಸಮಾಚಾರ ತಿಳಿದುಕೊಂಡೇ ಇಳಿಯುವವಳು. ಅಂಥವಳನ್ನು ಸ್ಟೇಷನ್ನಿನಿಂದ ಕರೆತರುವಾಗ ಆಟೋದಲ್ಲೇ ನಿಯಮ ಹೇಳಿದೆ. ಕೂಸಿನ ಎದುರಿಗೆ ಕನ್ನಡ ಬೇಡ ಎಂದೆ. ಅವ್ವನಿಗೆ ಬರುವುದು ಅದೊಂದೇ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ನೀನೂ ಮೂರು ವರ್ಷದ ತನಕ ಮೂಗನ ಹಾಗೇ ಇದ್ದೆ, ನಾನು ಹೆದರಿದ್ದೆನೇ ಎಂದು ಏನೋ ಹೇಳಹೊರಟಳು. ನಾನು, ಆ ಕಾಲ ಬೇರೆ ಅವ್ವಾ ಎಂದು ತಡೆದೆ. ಓದಿದ ಮಗ ಹೇಳಿದನೆಂದರೆ ಅವ್ವ ಮರುಮಾತಾಡುವವಳಲ್ಲ.

ಜೋಳದ ಹಿಟ್ಟನ್ನು ಗಂಟು ಕಟ್ಟಿಕೊಂಡೇ ಬಂದಿದ್ದಳು. ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವಳು. ಆ ಟಪಟಪ ಸದ್ದು ಕೇಳಿದರೆ ಲಹರಿ ಎಲ್ಲಿದ್ದರೂ ಓಡಿಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುವಳು. ಒಂದು ದಿನ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದ ಕೈಯನ್ನು ಅರ್ಧಕ್ಕೆ ಎತ್ತಿ ಹಿಡಿದು ಕೂಸಿನ ಕಣ್ಣನ್ನೇ ನೋಡಿದಳು. ಕೂಸು ಉಸಿರು ಬಿಗಿಹಿಡಿದು ಅವ್ವನ ಕೈಯನ್ನೇ ನೋಡುತ್ತಿತ್ತು, ತುಟಿ ಸ್ವಲ್ಪ ಅಲುಗಿತು. ಅಷ್ಟರಲ್ಲಿ ಅವ್ವನಿಗೆ ನಾನು ಕುಳಿತಿರುವುದು ಕಂಡಿತು. ತುಟಿ ಕಚ್ಚಿಕೊಂಡು ಕೈ ಇಳಿಸಿ ಸುಮ್ಮನೆ ಬಡಿಯತೊಡಗಿದಳು. ಅವ್ವ ನನ್ನ ಮಾತು ಪಾಲಿಸುತ್ತಿದ್ದಾಳೆ ಎಂದು ನನಗೆ ಸಮಾಧಾನವೇ ಆಯಿತು. ನನ್ನ ದಡ್ಡತನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎರಡು ತಿಂಗಳಿರಲೆಂದು ಬಂದವಳು ಇಪ್ಪತ್ತನೇ ದಿನ ಚೀಲ ಕಟ್ಟಿದಳು. ಜಗಳವಿಲ್ಲ, ಮುನಿಸಿಲ್ಲ. ಚೀಲದ ಬಾಯಿಗೆ ದಾರ ಬಿಗಿಯುತ್ತ ನೆಲ ನೋಡಿಕೊಂಡೇ ಅಂದಳು: "ಕೂಸಿನ ಮುಂದ ಬಾಯಿ ತೆರೀಬ್ಯಾಡ ಅಂದ್ರ ನಾ ಇಲ್ಲಿದ್ದು ಏನ್ ಮಾಡ್ಲಿ? ನನ್ನ ರೈಲಿಗೆ ಹತ್ತಸಿ ಬಾ." ನಾನು ಹತ್ತಿಸಿ ಬಂದೆ. ಕಿಟಕಿಯಿಂದ ಲಹರಿಯ ಕೆನ್ನೆ ಸವರಿದಳು. ಆಗಲೂ ಏನೂ ಮಾತಾಡಲಿಲ್ಲ. ನಿಯಮ ಮುರಿಯಬಾರದಲ್ಲ.

ಮುಂದಿನ ವರ್ಗಾವಣೆಯಲ್ಲಿ ವಿಶಾಖಪಟ್ಟಣಕ್ಕೆ ಬಂದೆವು. ಪದ್ಮಜಳಿಗೆ ಊರೊಳಗಿನ ಶಾಖೆ, ನನಗೆ ಅಚ್ಯುತಾಪುರಂ. ಫ್ಯಾಕ್ಟರಿಗಳ ಶಿಫ್ಟಿಗೆ ಹೋಗುವವರ ಜೊತೆ ದಿನಾ ಬಸ್ಸಿನಲ್ಲಿ ಜೋತಾಡುತ್ತ ಹೋಗಿಬರುವುದು. ಲಹರಿಗೆ ಎರಡು ವರ್ಷ ಎಂಟು ತಿಂಗಳು. ಕಿವಿ ಪರೀಕ್ಷೆ ಮಾಡಿಸಿದೆವು, ಕಿವಿ ಸರಿಯಾಗಿಯೇ ಇತ್ತು. ಅಲ್ಲಿಂದ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ನಡುವಯಸ್ಸು ದಾಟಿದ ಹೆಂಗಸು. ಮೇಡಂ ಎಂದೇ ಕರೆಯುತ್ತಿದ್ದೆವು. ಮಗುವನ್ನು ಮಾತಾಡಿಸಿ ನೋಡುತ್ತಾರೆಂದು ನಾನು ತಿಳಿದಿದ್ದೆ. ಅವರು ಮಗುವನ್ನು ಬಿಟ್ಟು ನಮ್ಮನ್ನು ನೋಡಿದರು. ನೆಲದ ಮೇಲೆ ಕುಳಿತು ಮಗಳ ಜೊತೆ ಹತ್ತು ನಿಮಿಷ ಆಡಿ ಎಂದು ಹೇಳಿ ಒಂದು ಮೂಲೆಯಲ್ಲಿ ಕುಳಿತರು. ಪದ್ಮಜ, ಇದೇನು ಹೇಳು, ಅದೇನು ಹೇಳು ಎಂದು ಒಂದೇ ಸಮನೆ ಕೇಳುತ್ತಿದ್ದಳು. ಉತ್ತರ ಬರುವ ಮೊದಲೇ ತಾನೇ ಹೇಳಿಬಿಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಗೊಂಬೆಗಳನ್ನು ಕೈಗೆ ಕೊಡುತ್ತಿದ್ದೆ.

ಹತ್ತು ನಿಮಿಷವಾದ ಮೇಲೆ, ಸಾರ್, ನೀವು ಮನೆಯಲ್ಲೂ ಹೀಗೇನಾ ಎಂದು ಕೇಳಿದರು. ಒಂದೇ ಭಾಷೆಯ ಕತೆಯನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಮೀರು ಎವರಿನೈನಾ ತಿಟ್ಟಾಲಂಟೇ ಏ ಭಾಷಲೋ ತಿಡತಾರು?" ಎಂದರು. ಯಾರನ್ನಾದರೂ ಬೈಯಬೇಕಾದರೆ ಯಾವ ಭಾಷೆಯಲ್ಲಿ ಬೈಯುತ್ತೀರಿ ಎಂದು. ನಾನು ಯೋಚಿಸದೆ, ಕನ್ನಡದಲ್ಲಿ ಎಂದೆ. ಹಾಗಾದರೆ ಮಗಳ ಜೊತೆಗೂ ಅದರಲ್ಲೇ ಮಾತಾಡಿ, ಎರಡು ಭಾಷೆ ಕೇಳಿದ್ದರಿಂದ ಯಾವ ಮಗುವಿನ ಮಾತೂ ನಿಲ್ಲುವುದಿಲ್ಲ, ಮಾತೇ ಕೇಳದಿದ್ದರೆ ಮಾತ್ರ ಕಷ್ಟ ಎಂದರು.

ಆಮೇಲೆ ಅವರು ಹೇಳಿದ್ದೆಲ್ಲ ಕೇಳುವುದಕ್ಕೆ ಬಹಳ ಸುಲಭ. ಸ್ನಾನ ಮಾಡಿಸುವಾಗ, ಅಂಗಿ ತೊಡಿಸುವಾಗ ಮಾಡುತ್ತಿರುವುದನ್ನೇ ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳುತ್ತ ಹೋಗಿ. ಅವಳು ಏನು ನೋಡುತ್ತಾಳೋ ಅದರ ಹೆಸರು ಹೇಳಿ. ಹೇಳು ಹೇಳು ಎಂದು ಪೀಡಿಸಬೇಡಿ. ಬೇಕಾದ್ದನ್ನು ಕೇಳುವ ಮೊದಲೇ ಕೈಗಿಡಬೇಡಿ. ಅವಳು ಏನೇ ಸದ್ದು ಮಾಡಲಿ, ಅದು ಮಾತೇ ಎಂದುಕೊಂಡು ಉತ್ತರ ಕೊಡಿ. ಒಂದು ಸಲ ನಿಮ್ಮ ಸರದಿ, ಒಂದು ಸಲ ಅವಳ ಸರದಿ. ನಿಮ್ಮದು ಮುಗಿದ ಮೇಲೆ ಬಾಯಿ ಮುಚ್ಚಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಅವಳ ಮುಖ ನೋಡುತ್ತ ಕಾಯಿರಿ. ಇಷ್ಟಾದರೂ ಮಾತು ಬಾರದಿದ್ದರೆ ಇನ್ನೇನು ಮಾಡಬೇಕೆಂದು ಆಮೇಲೆ ನೋಡೋಣ, ವಾರ ವಾರ ತಪ್ಪದೆ ಬನ್ನಿ.

ಹೊರಗೆ ಬಂದು ಆಟೋ ಹತ್ತಿದ ಮೇಲೆ ನನಗೆ ಅವ್ವನ ಕೈ ನೆನಪಾಯಿತು. ರೊಟ್ಟಿ ಬಡಿಯುತ್ತ ಅರ್ಧಕ್ಕೆ ಎತ್ತಿ ಹಿಡಿದ ಕೈ. ಚಿಕ್ಕವನಿದ್ದಾಗ ನನಗೂ ಹಾಗೇ ಮಾಡುತ್ತಿದ್ದಳು. ನಾನು ಒಲೆಯ ಪಕ್ಕ ಮಣೆಯ ಮೇಲೆ ಕೂತಿರುತ್ತಿದ್ದೆ. ಅವಳು ಟಪ್ ಟಪ್ ಎಂದು ಎರಡು ಸಲ ಬಡಿದು ಕೈ ಎತ್ತಿ ನಿಲ್ಲಿಸುವಳು. ನನ್ನ ಬಾಯಿಂದ ಏನಾದರೊಂದು ಹೊರಡುವವರೆಗೆ ಆ ಕೈ ಇಳಿಯುತ್ತಿರಲಿಲ್ಲ. ನಾನು ಟ ಎಂದೆನೋ ಪ ಎಂದೆನೋ, ಆಗ ರೊಟ್ಟಿ ಮತ್ತೆ ತಿರುಗುತ್ತಿತ್ತು. ಆಟೋದಲ್ಲಿ ಕುಳಿತು ನನಗೆ ಅಳು ಬಂತು. ಮೇಡಂ ಹೇಳಿದ್ದನ್ನೆಲ್ಲ ಮೊದಲೇ ಬಲ್ಲವಳ ಬಾಯನ್ನೇ ನಾನು ಹಿಡಿದು ಮುಚ್ಚಿಸಿದ್ದೆ.

ಕನ್ನಡದ ಬೀಗ ಅಂದೇ ತೆಗೆದೆ. ನಾನು ಯಾರ ಮಗ ಎನ್ನುವುದು ವಿಶಾಖಪಟ್ಟಣದ ನೆರೆಹೊರೆಗೆಲ್ಲ ಗೊತ್ತಾಗುವಷ್ಟು ಮಾತಾಡಿದೆ. ಬೀಚ್ ರೋಡಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಡಗು ಬಂತು, ಹಡಗು ನಿಂತಿತು ಎನ್ನುತ್ತ ನಡೆಯುತ್ತಿದ್ದೆ. ಮಾತು ಸುಲಭ, ಕಾಯುವುದು ಮಾತ್ರ ಆಗುತ್ತಿರಲಿಲ್ಲ. ಹತ್ತು ಎಣಿಸಲು ಹೋಗಿ ನಾಲ್ಕಕ್ಕೇ ಬಾಯಿ ಬಿಡುತ್ತಿದ್ದೆ. ಎಷ್ಟೋ ಜನರಿಗೆ ನಾಳೆ ಬನ್ನಿ ಎಂದು ಹೇಳಿ ಕಾಯಿಸಿದವನಿಗೆ, ತಾನು ಹತ್ತರ ತನಕ ಕಾಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಆಗ ಮೇಜಿನ ಮೇಲಿದ್ದ ಟೋಕನ್ ಕಣ್ಣಿಗೆ ಬಿತ್ತು. ನಡುಮನೆಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿ, ಅದರ ಆಚೆ ಲಹರಿಯನ್ನು ಕೂರಿಸಿದೆ. ಅವಳ ಮುಂದೆ ಒಂದು ಬಟ್ಟಲು ಚುರುಮುರಿ ಇಟ್ಟೆ. ಅವಳು ಬ್ಯಾಂಕಿನವಳು, ನಾನು ಗಿರಾಕಿ. ಟೋಕನ್ ಅವಳ ಕೈಗೆ ಕೊಟ್ಟು, ಹಿಂದೆ ಸರಿದು ಗೋಡೆಗೊರಗಿ ನಿಲ್ಲುವುದು. ಅವಳು ಕರೆದರೆ ಹೋಗಿ ನನ್ನ ಪಾಲಿನ ಚುರುಮುರಿ ಈಸಿಕೊಳ್ಳುವುದು. ಮೊದಲ ದಿನಗಳಲ್ಲಿ ಅವಳು ಸ್ಟೂಲಿನ ಮೇಲೆ ಬಡಿಯುತ್ತಿದ್ದಳು, ಇಲ್ಲವೇ ಟೋಕನ್ನನ್ನು ನನ್ನತ್ತ ಎಸೆಯುತ್ತಿದ್ದಳು. ನಾನು, "ಬಾ ಅಂದ್ಯಾ? ಬಂದೆ, ಬಂದೆ" ಎಂದು ಓಡುತ್ತಿದ್ದೆ. ಅವಳಿಗೆ ಭಾರಿ ನಗು. ಅಪ್ಪನಷ್ಟು ದೊಡ್ಡ ಮನುಷ್ಯ ತನ್ನ ಅಪ್ಪಣೆಗಾಗಿ ಕೈಕಟ್ಟಿ ನಿಂತಿದ್ದಾನೆ ಎಂಬುದೇ ಆ ಆಟದ ಸವಿ.

ಹೀಗೆ ನಾಲ್ಕು ತಿಂಗಳು ಪಾಳಿ ಹಚ್ಚಿದೆ. ಮೊದಲ ಮಾತು ನನಗೆ ದಕ್ಕಲಿಲ್ಲ ಎಂಬುದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಅದು ಬಚ್ಚಲಮನೆಯ ಬಾಗಿಲಲ್ಲಿ, ಟವೆಲ್ ಹಿಡಿದು ನಿಂತ ಪದ್ಮಜಳಿಗೆ ಸಿಕ್ಕಿತು, ತೆಲುಗಿನಲ್ಲಿ. "ರಾ" ಎಂದಳಂತೆ, ಬಾ ಎಂದು. ಪದ್ಮಜ ಫೋನಿನಲ್ಲಿ ಅಳುತ್ತ ಹೇಳಿದಾಗ ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಯಾವುದು ಎಷ್ಟು ಎಂದು ಕೇಳಬೇಡಿ.

ಅದಾಗಿ ಹನ್ನೆರಡು ದಿನಕ್ಕೆ, ಅಚ್ಯುತಾಪುರಂ ಬಸ್ಸಿನಲ್ಲಿ ಜೋತಾಡಿ ಬಂದು ಗೋಡೆಗೊರಗಿ ನಿಂತಿದ್ದೆ. ಎಣಿಕೆ ಏಳಕ್ಕೆ ಬಂದಿತ್ತು, ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. "ಬಾ" ಎಂದು ಕೇಳಿತು. ಪದ್ಮಜ ಊಟಕ್ಕೆ ಕರೆಯುತ್ತಿದ್ದಾಳೆಂದು ತಿಳಿದು ಸುಮ್ಮನಿದ್ದೆ. ಮತ್ತೊಮ್ಮೆ "ಬಾ" ಎಂದಿತು, ಈ ಸಲ ಸ್ವಲ್ಪ ಸಿಟ್ಟಿನಲ್ಲಿ. ಸ್ಟೂಲಿನ ಆಚೆಯಿಂದ. ನಾನು ಹೋದೆ. ಅವಳು ಎಣಿಸಿದಂತೆ ಮೂರು ಕಾಳು ಚುರುಮುರಿ ನನ್ನ ಅಂಗೈಗೆ ಹಾಕಿದಳು. ಅಷ್ಟನ್ನೂ ಒಂದೊಂದಾಗಿ ತಿಂದು ಮತ್ತೆ ಗೋಡೆಗೆ ಹೋಗಿ ನಿಂತೆ.

ಅಂದೇ ಗದಗಿಗೆ ಫೋನು ಹಚ್ಚಿದೆ. ಮಕ್ಕಳ ಬುದ್ಧಿ ಗೊತ್ತಲ್ಲ, ಫೋನು ಕಿವಿಗಿಟ್ಟದ್ದೇ ಲಹರಿ ಬಾಯಿಗೆ ಹೊಲಿಗೆ ಹಾಕಿಕೊಂಡಳು. ನಾನು ಒತ್ತಾಯಿಸಹೋದರೆ ಅವ್ವನೇ ತಡೆದಳು. ಕೂಸನ್ನು ಕಾಡಬೇಡ, ನಾನು ಮಾತಾಡುತ್ತೇನೆ, ಅವಳು ಕೇಳಲಿ ಎಂದಳು. ಇಪ್ಪತ್ತು ದಿನದ ಬಾಕಿಯನ್ನೆಲ್ಲ ಅರ್ಧ ಗಂಟೆಯಲ್ಲಿ ತೀರಿಸಿದಳು. ಮುಂದಿನ ತಿಂಗಳು ಬಂದು ಎರಡು ತಿಂಗಳಿದ್ದಳು. ರೊಟ್ಟಿ ಬಡಿಯುವ ಕೈ ಎಷ್ಟು ಸಲ ಬೇಕಾದರೂ ಗಾಳಿಯಲ್ಲಿ ನಿಂತಿತು. ನಾನು ತಪ್ಪಾಯಿತು ಎನ್ನಲಿಲ್ಲ. ಅನ್ನಬೇಕಿತ್ತು. ನಮ್ಮ ಕಡೆ ಗಂಡುಮಕ್ಕಳು ಅವ್ವನ ಹತ್ತಿರ ಅಂಥ ಮಾತಾಡುವ ರೂಢಿ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಈಗ ಲಹರಿಯ ಬಾಯಿಗೆ ಬಿಡುವಿಲ್ಲ. ಗೆಳತಿಯರ ಜೊತೆ, ಅಮ್ಮನ ಜೊತೆ ತೆಲುಗು. ನನ್ನ ಜೊತೆಗಿನ ಕನ್ನಡ ಮಾತ್ರ ಅವಳು ಆಯಿ ಎಂದು ಕರೆಯುವ ಅವ್ವನ ಪಡಿಯಚ್ಚು. ವಿಶಾಖಪಟ್ಟಣದ ಹುಡುಗಿಯ ಬಾಯಲ್ಲಿ ಗದಗಿನ ಅಜ್ಜಿಯ ರಾಗ ಕೇಳಿ ಬೆಂಗಳೂರಿನಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು ಬೆರಗಾಗಿದ್ದರು.

ಮೂರು ತಿಂಗಳ ಹಿಂದೆ ಅವ್ವನಿಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು, ಮಾತು ಸುಧಾರಿಸಲಿಲ್ಲ. ಎಲ್ಲ ತಿಳಿಯುತ್ತದೆ, ಹೇಳಬೇಕಾದ್ದು ತುದಿಗೆ ಬಂದು ನಿಲ್ಲುತ್ತದೆ. ಇಲ್ಲಿ ಮಾತಿನ ಚಿಕಿತ್ಸೆ ಕೊಡಿಸೋಣವೆಂದು ತಮ್ಮ ಹದಿನೈದು ದಿನದ ಹಿಂದೆ ಕರೆತಂದು ಬಿಟ್ಟುಹೋದ. ಅವ್ವ ತುಟಿ ಅಲುಗಿಸಿದರೆ ಸಾಕು, ನೀರಾ, ಚಹಾನಾ, ಫ್ಯಾನ್ ಹಾಕಲಾ ಎಂದು ನಾನೂ ಪದ್ಮಜಳೂ ಮುಗಿಬೀಳುತ್ತಿದ್ದೆವು. ಎಲ್ಲವೂ ಕೇಳುವ ಮೊದಲೇ ಅವಳ ಮುಂದೆ ಹಾಜರು. ಅವ್ವ ದಿನದಿನಕ್ಕೆ ಮುಖ ತಿರುಗಿಸಿ ಬಾಲ್ಕನಿಯ ಕಡೆ ನೋಡುತ್ತ ಕೂರತೊಡಗಿದಳು. ಹಳೆಯ ತಪ್ಪನ್ನೇ ಮತ್ತೆ ಮಾಡುತ್ತಿದ್ದೇನೆ ಎಂದು ನನಗೆ ಹೊಳೆಯಲಿಲ್ಲ.

ಆ ಭಾನುವಾರ ಡ್ರಾದಿಂದ ಹುಡುಕಿ ಟೋಕನ್ ಕೊಟ್ಟದ್ದೇ ಲಹರಿ ಸ್ಟೂಲನ್ನು ತಂದು ಅವ್ವನ ಕುರ್ಚಿಯ ಮುಂದಿಟ್ಟಳು. ಬಟ್ಟಲು ತುಂಬ ಚುರುಮುರಿ ತಂದಳು. ಟೋಕನ್ನನ್ನು ಅವ್ವನ ಅಂಗೈಯಲ್ಲಿಟ್ಟು, ಹಿಂದೆ ಸರಿದು ಗೋಡೆಗೊರಗಿ ನಿಂತಳು. ಅವ್ವ ಟೋಕನ್ ನೋಡಿದಳು, ಮೊಮ್ಮಗಳನ್ನು ನೋಡಿದಳು. ಕೆಳತುಟಿ ನಡುಗಿತು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಲಹರಿ ಅವ್ವನ ಮುಖದಿಂದ ಕಣ್ಣು ಕೀಳದೆ ಅಂದಳು:

"ಅಪ್ಪಾ, ನೀ ಹೇಳಬ್ಯಾಡ. ಈಗ ಆಯಿ ಪಾಳಿ."

ನಾನು ಬಾಯಿ ಮುಚ್ಚಿದೆ. ಹತ್ತು ಎಣಿಸಿದೆ, ಮತ್ತೆ ಹತ್ತು ಎಣಿಸಿದೆ. ಕೆಳಗಡೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋಗಿ, ಆ ಕೂಗೂ ದೂರವಾಯಿತು. ಮೂರನೆಯ ಹತ್ತು ಮುಗಿಯುವ ಹೊತ್ತಿಗೆ ಅವ್ವನ ಬಾಯಿಂದ ತೊದಲಾಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಒಂದು "ಬಾ" ಬಂತು. ಲಹರಿ ಹೋಗಿ ಕೈಯೊಡ್ಡಿ ತನ್ನ ಪಾಲಿನ ಚುರುಮುರಿ ಈಸಿಕೊಂಡಳು. ಟೋಕನ್ ತಂದು ನನ್ನ ಕೈಗೆ ಕೊಟ್ಟಳು.

ನಾನು ಅದನ್ನು ಅವ್ವನ ಅಂಗೈಯಲ್ಲಿಟ್ಟು ಹಿಂದೆ ಬಂದೆ. ಒಮ್ಮೆ ಇಪ್ಪತ್ತು ದಿನ ತನ್ನ ಬಾಯಿ ಮುಚ್ಚಿಸಿದ್ದ ಮಗನನ್ನು ಅವ್ವ ಬಹಳ ಹೊತ್ತು ನೋಡಿದಳು. ನಾನು ಗೋಡೆಗೊರಗಿ ನಿಂತೆ. ಈ ಸಲ ಎಣಿಸಲಿಲ್ಲ.